ಚಿತ್ರ ಬಿಡಿಸುವ ಮಕ್ಕಳಿಗೆ ಒಂದು ವರ್ಷ ಕೊಡಿ

ಕಳೆದ ಮೇ ತಿಂಗಳಲ್ಲಿ ಉಪ್ಪಳದ ಹತ್ತಿರ ಸಂಬಂಧಿಕರ ಮನೆಯಲ್ಲಿ ಮದುವೆಯಿತ್ತು. ಊಟ ಮುಗಿಸಿ ಹೆಂಗಸರೆಲ್ಲ ಒಳಗಿನ ಕೋಣೆಯಲ್ಲಿ ಕೂತಿದ್ದೆವು. ದೂರದ ಸಂಬಂಧದಲ್ಲಿ ತಂಗಿಯಾಗಬೇಕಾದ ಒಬ್ಬಳು ಮಗಳನ್ನು ಕರೆದುಕೊಂಡು ನನ್ನ ಪಕ್ಕ ಬಂದು ಕೂತಳು. "ಅಕ್ಕಾ, ನಿಮ್ಮ ಮಗಳು ಅದೇನೋ ಡಿಸೈನ್ ಕಲಿಯುತ್ತಿದ್ದಾಳಲ್ಲ, ಇವಳಿಗೂ ಚಿತ್ರದ ಹುಚ್ಚು. ಕಲೋತ್ಸವದಲ್ಲಿ ಜಲವರ್ಣಕ್ಕೆ ಎ ಗ್ರೇಡ್ ಬಂದಿತ್ತು. ಪ್ಲಸ್ ಟು ಮುಗಿಯಿತು. ಎಲ್ಲಿಗೆ ಅರ್ಜಿ ಹಾಕುವುದು?" ಎಂದು ಕೇಳಿದಳು.

ನನಗೆ ಉತ್ತರ ಗೊತ್ತಿತ್ತು. ಆದರೆ ಹೇಳಲು ಬಾಯಿ ಬರಲಿಲ್ಲ. ಆ ಹುಡುಗಿ ಹೋಗಬೇಕು ಎಂದುಕೊಂಡಿದ್ದ ಕಾಲೇಜುಗಳ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕುವ ದಿನ ಮುಗಿದು ತಿಂಗಳುಗಳೇ ಕಳೆದಿದ್ದವು. ಪರೀಕ್ಷೆಯೂ ಮುಗಿದಿತ್ತು. "ಈ ವರ್ಷಕ್ಕೆ ಬಸ್ಸು ಹೋಯಿತಲ್ಲ ತಂಗೀ" ಎಂದೆ. ಹುಡುಗಿ ಏನೂ ಹೇಳಲಿಲ್ಲ. ಅಂಗೈಯಲ್ಲಿದ್ದ ಮೈಲಾಂಜಿಯನ್ನು ನೋಡುತ್ತಾ ಕೂತಳು. ಅದನ್ನು ಅವಳೇ ಹಾಕಿಕೊಂಡದ್ದಂತೆ. ಅಂದು ಮದುಮಗಳ ಕೈಗೆ ಹಾಕಿದ್ದೂ ಅವಳೇ. ಜೂನ್ ತಿಂಗಳಲ್ಲಿ ಅವಳು ಬಿ.ಕಾಂ.ಗೆ ಸೇರಿದಳು.

ಬಿ.ಕಾಂ. ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ನಮ್ಮದು ವ್ಯಾಪಾರದ ಜನ, ಲೆಕ್ಕ ಗೊತ್ತಿರುವವರು ಬೇಕೇ ಬೇಕು. ಆದರೆ ಆ ಹುಡುಗಿ ಬಿ.ಕಾಂ.ಗೆ ಹೋದದ್ದು ಅದು ಬೇಕು ಎಂದಲ್ಲ, ಬೇರೆ ದಾರಿ ಇರುವುದು ಮನೆಯಲ್ಲಿ ಯಾರಿಗೂ ಸಮಯಕ್ಕೆ ಸರಿಯಾಗಿ ಗೊತ್ತಿರಲಿಲ್ಲ ಎಂದು. ಮಂಜೇಶ್ವರ, ಉಪ್ಪಳ, ಕುಂಬಳೆಯ ಮನೆಗಳಲ್ಲಿ ಇಂಥ ಮಕ್ಕಳು ಎಷ್ಟಿದ್ದಾರೋ. ಇಂಥವರ ವಿಷಯದಲ್ಲಿ ನಾವು "ಆಗಲಿ" ಎನ್ನುವುದೂ ಗೊತ್ತಿಲ್ಲದೆ, "ಬೇಡ" ಎನ್ನುವುದೂ ಗೊತ್ತಿಲ್ಲದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಕಲಾವಿದೆಯಲ್ಲ. ಶಾಲೆಯಲ್ಲಿ ಚಿತ್ರ ಬಿಡಿಸುತ್ತಿದ್ದೆ. ಡ್ರಾಯಿಂಗ್ ಮಾಷ್ಟ್ರು ನನ್ನ ಪುಸ್ತಕವನ್ನು ಬೇರೆ ಕ್ಲಾಸಿಗೆ ಕೊಂಡುಹೋಗಿ ತೋರಿಸುತ್ತಿದ್ದರು. ಹತ್ತನೆಯ ಕ್ಲಾಸಿಗೆ ಅದೂ ಮುಗಿಯಿತು. ಯಾರೂ ಬೇಡ ಎನ್ನಲಿಲ್ಲ, ಯಾರೂ ಮುಂದೇನು ಎಂದು ಕೇಳಲೂ ಇಲ್ಲ. ಮಗಳು ನನ್ನ ಹಾಗೆಯೇ ಗೋಡೆ, ನೆಲ, ಕ್ಯಾಲೆಂಡರಿನ ಹಿಂಬದಿ ಬಿಡದೆ ಗೀಚತೊಡಗಿದಾಗ ನನಗೆ ಖುಷಿಗಿಂತ ಹೆಚ್ಚಾಗಿ ಭಯವೇ ಆಯಿತು. ಈಗ ಅವಳು ಟೆಕ್ಸ್‌ಟೈಲ್ ಡಿಸೈನಿನಲ್ಲಿ ಮೂರನೆಯ ವರ್ಷ. ಈ ಮೂರು ವರ್ಷಗಳಲ್ಲಿ ನಾನು ಕಲಿತದ್ದನ್ನಷ್ಟೇ ಇಲ್ಲಿ ಹೇಳುತ್ತೇನೆ.

ಮೊದಲನೆಯದಾಗಿ, ಲಲಿತಕಲೆ ಬೇರೆ, ಡಿಸೈನ್ ಬೇರೆ. ನಮ್ಮಲ್ಲಿ ಎರಡನ್ನೂ ಸೇರಿಸಿ "ಡ್ರಾಯಿಂಗ್ ಕ್ಲಾಸು" ಎಂದುಬಿಡುತ್ತೇವೆ. ಲಲಿತಕಲೆಯ ಪದವಿ ಬಿ.ಎಫ್.ಎ., ನಾಲ್ಕು ವರ್ಷ. ಅದರಲ್ಲಿ ಚಿತ್ರಕಲೆ, ಶಿಲ್ಪಕಲೆ, ಮುದ್ರಣಕಲೆ, ಅನ್ವಯಿಕ ಕಲೆ ಎಂದು ವಿಭಾಗಗಳಿರುತ್ತವೆ. ಅಲ್ಲಿ ಕಲಿಯುವವನು ಕೊನೆಗೆ ತನ್ನದೇ ಮಾತನ್ನು ತನ್ನದೇ ರೀತಿಯಲ್ಲಿ ಹೇಳಲು ಕಲಿಯಬೇಕು. ಡಿಸೈನ್ ಪದವಿ ಬಿ.ಡಿಸೈನ್, ಅದೂ ನಾಲ್ಕು ವರ್ಷ. ಅಲ್ಲಿ ಮೊದಲ ಪ್ರಶ್ನೆಯೇ ಇನ್ನೊಬ್ಬರದು. ಈ ಕುರ್ಚಿಯಲ್ಲಿ ಕೂರುವವರು ಯಾರು, ಈ ಬಟ್ಟೆಯನ್ನು ಒಗೆಯುವವರು ಯಾರು, ಈ ಔಷಧಿಯ ಪೆಟ್ಟಿಗೆಯ ಮೇಲಿನ ಅಕ್ಷರವನ್ನು ಎಪ್ಪತ್ತು ವರ್ಷದ ಅಜ್ಜಿ ಓದಬಲ್ಲಳೇ ಎಂಬಂಥ ಪ್ರಶ್ನೆಗಳು. ಬಟ್ಟೆ, ಪೀಠೋಪಕರಣ, ಪುಸ್ತಕ, ಮೊಬೈಲ್ ಆ್ಯಪ್, ಆಟಿಕೆ, ಪಿಂಗಾಣಿ, ಎಲ್ಲದಕ್ಕೂ ಬೇರೆ ಬೇರೆ ವಿಭಾಗಗಳಿವೆ. ಮಗುವಿಗೆ ಯಾವುದರ ಕಡೆ ಒಲವಿದೆ ಎಂದು ತಿಳಿಯದೆ "ಎಲ್ಲಾದರೂ ಸೇರಿಸಿ" ಎಂದರೆ ಮೀನು ಹಿಡಿಯುವವನನ್ನು ಕರೆದು ತೆಂಗಿನ ಮರ ಹತ್ತು ಎಂದ ಹಾಗೆ.

ಇನ್ನೊಂದು ಮಾತನ್ನು ನನ್ನ ದೊಡ್ಡ ಕಾಕನೇ ಕೇಳಿದ್ದರು. "ಮಂಗಳೂರಿನಲ್ಲಿ ಆರು ತಿಂಗಳ ಗ್ರಾಫಿಕ್ ಕೋರ್ಸ್ ಇದೆಯಲ್ಲ, ಫೋಟೋಶಾಪ್ ಕಲಿತರೆ ಸಾಲದಾ? ಇದಕ್ಕೆ ನಾಲ್ಕು ವರ್ಷ ಯಾಕೆ?" ಆಗ ನನ್ನ ಹತ್ತಿರ ಉತ್ತರವಿರಲಿಲ್ಲ. ಮಗಳ ಮೊದಲ ಸೆಮಿಸ್ಟರ್ ಉತ್ತರ ಕೊಟ್ಟಿತು. ಆ ಆರು ತಿಂಗಳಲ್ಲಿ ಅವಳು ಕಂಪ್ಯೂಟರ್ ಮುಟ್ಟಿದ್ದು ಕಡಿಮೆ. ಬೆಂಡೆಕಾಯಿಯನ್ನು ಅಡ್ಡಕ್ಕೆ ಕೊಯ್ದು ಅದರ ರೇಖೆಗಳನ್ನು ನೂರು ಸಲ ಬಿಡಿಸಿದಳು. ಒಂದೇ ನೀಲಿ ಬಣ್ಣದಲ್ಲಿ ಇಪ್ಪತ್ತು ಬಗೆಯ ನೀಲಿ ಮಾಡಿದಳು. ಕಾಗದ ಮಡಚಿ ಮೊಟ್ಟೆಯೊಂದು ಮೇಲಿನಿಂದ ಬಿದ್ದರೂ ಒಡೆಯದ ಗೂಡು ಮಾಡಿದಳು. ಸಂತೆಯಲ್ಲಿ ಕೂತು ಜನ ಚೀಲ ಹೇಗೆ ಹಿಡಿಯುತ್ತಾರೆ ಎಂದು ಎರಡು ದಿನ ನೋಡಿ ಬರೆದುಕೊಂಡಳು. ಸಾಫ್ಟ್‌ವೇರ್ ಎಂದರೆ ಸೂಜಿ. ಸೂಜಿ ಹಿಡಿಯಲು ಒಂದು ವಾರ ಸಾಕು. ಏನು ಹೊಲಿಯಬೇಕು, ಯಾರಿಗೆ, ಯಾಕೆ ಎಂದು ತಿಳಿಯಲು ನಾಲ್ಕು ವರ್ಷ ಹೆಚ್ಚಲ್ಲ. ಈಗ ಕಂಪ್ಯೂಟರಿಗೆ ಒಂದು ಮಾತು ಹೇಳಿದರೆ ಅದೇ ಚಿತ್ರ ಮಾಡಿಕೊಡುತ್ತದೆ. ಬರೀ ಸೂಜಿ ಹಿಡಿಯಲು ಕಲಿತವರಿಗೇ ಅದರಿಂದ ಮೊದಲು ಪೆಟ್ಟು ಬೀಳುವುದು ಎಂದು ನನಗನಿಸುತ್ತದೆ.

ಎರಡನೆಯದು ದೀನಿನ ಪ್ರಶ್ನೆ. ಇದನ್ನು ಮರೆಮಾಚಿ ನಮ್ಮ ಮನೆಗಳಲ್ಲಿ ಈ ಓದಿನ ಬಗ್ಗೆ ಮಾತಾಡಲು ಸಾಧ್ಯವಿಲ್ಲ, ಮಾತಾಡಲೂಬಾರದು. ಜೀವವಿರುವವರ ರೂಪ ಬಿಡಿಸುವ ಬಗ್ಗೆ ಹದೀಸ್‌ಗಳಿವೆ. ಅವುಗಳ ಅರ್ಥ ಎಲ್ಲಿಯವರೆಗೆ ಎನ್ನುವುದರಲ್ಲಿ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವೂ ಇದೆ. ನಾನು ತೀರ್ಪು ಕೊಡುವವಳಲ್ಲ. ನಾವು ಮಾಡಿದ್ದೇನೆಂದರೆ, ಮಗಳಿಗೆ ಮದ್ರಸದಲ್ಲಿ ಕಲಿಸಿದ ಉಸ್ತಾದರ ಹತ್ತಿರ ಹೋಗಿ ಪಠ್ಯದ ಪಟ್ಟಿಯನ್ನೇ ಮುಂದಿಟ್ಟು ಕೇಳಿದೆವು. ಅವರು ಒಂದೊಂದಾಗಿ ಓದಿಸಿಕೊಂಡರು. ನೇಯ್ಗೆ, ಬಣ್ಣ ಹಾಕುವುದು, ಜ್ಯಾಮಿತಿ, ಅಕ್ಷರ ವಿನ್ಯಾಸ, ಕಸೂತಿ. "ಇದರಲ್ಲಿ ನನ್ನನ್ನು ಕೇಳಬೇಕಾದದ್ದು ಒಂದೇ ಒಂದು ಇದೆ, ಉಳಿದದ್ದು ನಿಮ್ಮ ಉಮ್ಮ ಮನೆಯಲ್ಲಿ ಮಾಡುವ ಕೆಲಸವೇ ಅಲ್ಲವಾ?" ಎಂದರು. ಆ ಒಂದು, ಮನುಷ್ಯನ ಆಕೃತಿಯ ಅಭ್ಯಾಸ. ಅದರ ಬಗ್ಗೆ ಅವರು ತಮ್ಮ ಅಭಿಪ್ರಾಯ ಹೇಳಿದರು, ಬೇರೆ ಅಭಿಪ್ರಾಯಗಳಿರುವುದನ್ನೂ ಹೇಳಿದರು. ಮಗಳು ಕಾಲೇಜಿನಲ್ಲಿ ತನ್ನ ಅಧ್ಯಾಪಕಿಯ ಹತ್ತಿರ ನೇರವಾಗಿ ಮಾತಾಡಿದಳು. ಅಲ್ಲಿ ಮಾಡೆಲ್ ಆಗಿ ಕೂರುವವರು ಮೈತುಂಬ ಬಟ್ಟೆ ಹಾಕಿಕೊಂಡೇ ಕೂರುತ್ತಾರೆ ಎಂದು ನಮಗೆ ಗೊತ್ತಾದದ್ದು ಆಗಲೇ. ನಾವು ಮನೆಯಲ್ಲಿ ಕೂತು ಕಲ್ಪಿಸಿಕೊಂಡದ್ದೆಲ್ಲ ಸಿನಿಮಾದಲ್ಲಿ ನೋಡಿದ್ದು.

ಕಲೆ ಎಂದರೆ ಮನುಷ್ಯನ ಮುಖವೇ ಎಂದು ಯಾರು ಹೇಳಿದರು? ವಿಜಯಪುರದ ಇಬ್ರಾಹಿಂ ರೋಜಾಕ್ಕೆ ಹೋದವರು ಅಲ್ಲಿನ ಕಿಟಕಿಗಳನ್ನು ನೋಡಿರುತ್ತೀರಿ. ಕಲ್ಲನ್ನು ಕೊರೆದು ಅಕ್ಷರಗಳನ್ನೇ ಜಾಲರಿ ಮಾಡಿದ್ದಾರೆ, ಓದಿದರೆ ವಾಕ್ಯ, ನೋಡಿದರೆ ಬೆಳಕು. ಮಂಗಳೂರಿನ ಬಂದರಿನ ಝೀನತ್ ಬಕ್ಷ್ ಮಸೀದಿಯ ಮರದ ಕೆತ್ತನೆ, ತಳಂಗರೆಯ ಮಾಲಿಕ್ ದೀನಾರ್ ಪಲ್ಲಿ, ಇವು ನಮ್ಮ ಕಣ್ಣೆದುರೇ ಇವೆ. ಅಲ್ಲಿ ನಮಾಜ್ ಮಾಡಿ ಬರುವ ನಾವು, ಆ ಮರ ಕೆತ್ತಿದ ಕೈಗೂ ಒಂದು ಓದು ಬೇಕಿತ್ತು ಎಂದು ಯೋಚಿಸುವುದೇ ಇಲ್ಲ.

ನಸ್ರೀನ್ ಮೊಹಮದಿ ಎಂಬ ಕಲಾವಿದೆಯ ಬಗ್ಗೆ ಮಗಳಿಂದಲೇ ತಿಳಿದುಕೊಂಡೆ. ಹುಟ್ಟಿದ್ದು 1937ರಲ್ಲಿ ಕರಾಚಿಯಲ್ಲಿ. ಲಂಡನ್ನಿನಲ್ಲಿ ಕಲಿತು, 1972ರಿಂದ 1990ರಲ್ಲಿ ತೀರಿಹೋಗುವವರೆಗೂ ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗದಲ್ಲಿ ಪಾಠ ಹೇಳಿದವರು. ಅವರ ಹೆಸರುವಾಸಿಯಾದ ಕೆಲಸಗಳಲ್ಲಿ ಕಾಗದದ ಮೇಲೆ ಪೆನ್ಸಿಲ್ ಮತ್ತು ಶಾಯಿಯ ಗೆರೆಗಳಷ್ಟೇ ಇವೆ. ಮುಖವಿಲ್ಲ, ಮರವಿಲ್ಲ, ಬರೀ ಗೆರೆ. 2016ರಲ್ಲಿ ನ್ಯೂಯಾರ್ಕಿನ ದೊಡ್ಡ ಮ್ಯೂಸಿಯಂ ಒಂದು ಹೊಸ ಶಾಖೆ ತೆರೆದಾಗ ಮೊದಲ ಪ್ರದರ್ಶನಗಳಲ್ಲಿ ಒಂದು ಇವರದು. ಅಲಿಗಢದಲ್ಲಿ ಹುಟ್ಟಿದ ಜರೀನಾ ಹಾಶ್ಮಿ ಮೊದಲು ಓದಿದ್ದು ಗಣಿತ. ಆಮೇಲೆ ಮರದ ಅಚ್ಚಿನಲ್ಲಿ ಮನೆ, ಹೊಸ್ತಿಲು, ಗಡಿ ಇವನ್ನು ಗೆರೆಯಾಗಿ ಮಾಡಿ, ಉರ್ದು ಶಬ್ದಗಳನ್ನು ಜೊತೆಗಿಟ್ಟರು. ಗಡಿ ಎಂದರೆ ಏನೆಂದು ನಮಗೆ, ಕಾಸರಗೋಡಿನವರಿಗೆ, ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಇವರಿಬ್ಬರೂ ಮುಸ್ಲಿಂ ಮನೆತನದ ಹೆಣ್ಣುಮಕ್ಕಳು ಎನ್ನುವುದನ್ನು ನಮ್ಮ ಹುಡುಗಿಯರಿಗೆ ಹೇಳಿದವರೇ ಇಲ್ಲ.

ಮೂರನೆಯದು ಹೊಟ್ಟೆಯ ಪ್ರಶ್ನೆ. "ಇದನ್ನು ಕಲಿತು ತಿನ್ನುವುದೇನು?" ಸರಿಯಾದ ಪ್ರಶ್ನೆಯೇ, ಆದರೆ ನಾವು ಎಲ್ಲರಿಗೂ ಇದನ್ನು ಕೇಳುವುದಿಲ್ಲ. ಲಕ್ಷಗಟ್ಟಲೆ ಕೊಟ್ಟು ಎಂಜಿನಿಯರಿಂಗಿಗೆ ಸೇರಿಸಿ, ಎರಡು ವಿಷಯ ಬಾಕಿ ಉಳಿಸಿಕೊಂಡು ಬಂದ ಹುಡುಗ ಕೊನೆಗೆ ದುಬೈಯಲ್ಲಿ ಅಂಗಡಿಯ ಕೌಂಟರಿನಲ್ಲಿ ನಿಂತರೆ "ನಸೀಬು" ಎನ್ನುತ್ತೇವೆ. ಚಿತ್ರ ಕಲಿತವನು ಒಂದು ವರ್ಷ ಖಾಲಿ ಕೂತರೆ ಮಾತ್ರ "ಹೇಳಿರಲಿಲ್ಲವಾ?" ಎನ್ನುತ್ತೇವೆ.

ಹಾಗೆಂದು ಸುಳ್ಳು ಆಸೆ ಹುಟ್ಟಿಸುವುದಿಲ್ಲ. ಬಿ.ಎಫ್.ಎ. ಮುಗಿಸಿ ಬರೀ ಚಿತ್ರ ಮಾರಿ ಬದುಕುವವರು ಕಡಿಮೆ. ಹೆಚ್ಚಿನವರು ಶಾಲೆಯಲ್ಲಿ ಕಲಿಸುತ್ತಾರೆ, ಪುಸ್ತಕ ಪತ್ರಿಕೆಗಳಿಗೆ ಚಿತ್ರ ಬರೆಯುತ್ತಾರೆ, ಅನಿಮೇಷನ್, ಜಾಹೀರಾತು, ಸಿನಿಮಾದ ಕಲಾ ವಿಭಾಗ ಹೀಗೆ ಒಂದು ಕೆಲಸ ಹಿಡಿದು, ಉಳಿದ ಹೊತ್ತಿನಲ್ಲಿ ತಮ್ಮ ಚಿತ್ರ ಮಾಡುತ್ತಾರೆ. ಡಿಸೈನ್ ಕಲಿತವರಿಗೆ ಕಂಪನಿಗಳಲ್ಲಿ ಕೆಲಸ ಸಿಗುವ ದಾರಿ ಸ್ವಲ್ಪ ನೇರ. ಆದರೆ ಅಲ್ಲಿ ಫೀಸು ಹೆಚ್ಚು. ಕೇಂದ್ರ ಸರಕಾರದ ಡಿಸೈನ್ ಸಂಸ್ಥೆಗಳಲ್ಲೂ ಒಂದು ಸೆಮಿಸ್ಟರಿಗೆ ಲಕ್ಷ ದಾಟುವುದುಂಟು, ಖಾಸಗಿಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು. ಬಡ್ಡಿಯ ಸಾಲ ಬೇಡ ಎನ್ನುವ ನಮ್ಮಂಥ ಮನೆಗಳಿಗೆ ಇದು ದೊಡ್ಡ ಮಾತು. ನಾವು ಮೊದಲ ವರ್ಷಕ್ಕೆ ನನ್ನ ಎರಡು ಬಳೆ ಮಾರಿದೆವು. ಮಗಳ ಉಪ್ಪ ಗಲ್ಫಿನಿಂದ ಬರುವುದನ್ನು ಒಂದು ವರ್ಷ ಮುಂದೆ ಹಾಕಿದರು. ಇದನ್ನು ಹೇಳುವುದು ಹೊಗಳಿಸಿಕೊಳ್ಳಲು ಅಲ್ಲ, ಲೆಕ್ಕ ಹಾಕಿಯೇ ಇಳಿಯಿರಿ ಎಂದು ಹೇಳಲು. ಸರಕಾರಿ ಲಲಿತಕಲಾ ಕಾಲೇಜುಗಳ ಫೀಸು ಇದಕ್ಕಿಂತ ಬಹಳ ಕಡಿಮೆ. ಮಗು ಎಷ್ಟೇ ಚೆನ್ನಾಗಿ ಬಿಡಿಸಿದರೂ, ಹೆಸರು ಕೇಳದ ಖಾಸಗಿ ಕಾಲೇಜಿಗೆ ಜಾಗ ಮಾರಿ ಸೇರಿಸುವುದು ಬೇಡ ಎಂದೇ ನನ್ನ ಅಭಿಪ್ರಾಯ. ಅದಕ್ಕಿಂತ ಸರಕಾರಿ ಸೀಟಿಗೆ ಇನ್ನೊಂದು ವರ್ಷ ಪ್ರಯತ್ನಿಸುವುದು ಒಳ್ಳೆಯದು.

ನಾಲ್ಕನೆಯದು, ಹೆಣ್ಣುಮಕ್ಕಳ ವಿಷಯ. ಗಂಡುಮಗ ಚಿತ್ರ ಬಿಡಿಸಿದರೆ "ತಿನ್ನುವುದೇನು" ಎನ್ನುತ್ತೇವೆ. ಹುಡುಗಿ ಬಿಡಿಸಿದರೆ ಯಾರೂ ಬೈಯುವುದಿಲ್ಲ, ಏಕೆಂದರೆ ಅದು ಓದಲ್ಲ, ಮದುವೆಯವರೆಗಿನ ಹವ್ಯಾಸ ಎಂದುಕೊಂಡಿರುತ್ತೇವೆ. ಪೆರ್ನಾಲ್ ರಾತ್ರಿ ಕೇರಿಯ ಹೆಂಗಸರೆಲ್ಲ ಅವಳ ಮುಂದೆ ಕೈ ಚಾಚಿ ಸಾಲಾಗಿ ಕೂರುತ್ತಾರೆ. ಅಳತೆಗೋಲಿಲ್ಲದೆ, ಅಳಿಸುವ ರಬ್ಬರಿಲ್ಲದೆ, ಒದ್ದೆ ಮೈಲಾಂಜಿಯಲ್ಲಿ ಎರಡೂ ಅಂಗೈಗೆ ಒಂದೇ ತೂಕದ ವಿನ್ಯಾಸ ತರುವುದು ಎಷ್ಟು ಕಷ್ಟ ಎಂದು ಮಗಳ ಕಾಲೇಜಿನವರು ಹೇಳಿದ ಮೇಲೆಯೇ ನನಗೆ ತಿಳಿದದ್ದು. ನಾನು ಹದಿನೈದು ವರ್ಷ ಅದನ್ನೇ ಮಾಡಿದ್ದೆ. ಹಾಸ್ಟೆಲಿನ ಬಗ್ಗೆ, ದೂರದ ಬಗ್ಗೆ ಭಯವಿದ್ದರೆ ಹೋಗಿ ನೋಡಿ ಬನ್ನಿ. ನಾವು ಇಬ್ಬರು ಹೋಗಿದ್ದೆವು. ಹಾಸ್ಟೆಲಿನ ಗೇಟು ಎಷ್ಟು ಹೊತ್ತಿಗೆ ಮುಚ್ಚುತ್ತದೆ, ಊಟ ಹೇಗೆ, ನಮಾಜಿಗೆ ಜಾಗವಿದೆಯೇ ಎಂದೆಲ್ಲ ಕೇಳಿದೆವು. ಕೇಳಿದ್ದಕ್ಕೆ ಯಾರೂ ನಗಲಿಲ್ಲ. ನರ್ಸಿಂಗಿಗೆ, ಬಿ.ಡಿ.ಎಸ್.ಗೆ ದೂರ ಕಳಿಸುವ ನಾವು ಇದಕ್ಕೆ ಮಾತ್ರ ದೂರ ಎನ್ನುವುದು ನ್ಯಾಯವಲ್ಲ.

ಕನ್ನಡ ಮಾಧ್ಯಮದ ಮಕ್ಕಳಿಗೆ ಇನ್ನೊಂದು ಕಷ್ಟವಿದೆ, ಅದನ್ನೂ ಹೇಳಬೇಕು. ನನ್ನ ಮಗಳು ಹತ್ತರವರೆಗೆ ಕನ್ನಡದಲ್ಲೇ ಓದಿದವಳು. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಅಂಗಡಿಯಲ್ಲಿ ತುಳು. ಇಂಗ್ಲಿಷ್ ಮಾತ್ರ ಪುಸ್ತಕದಲ್ಲಿ. ಡಿಸೈನ್ ಕಾಲೇಜುಗಳಲ್ಲಿ ಪರೀಕ್ಷೆಗಿಂತ ಮುಖ್ಯವಾದದ್ದು ಜ್ಯೂರಿ. ಮಾಡಿದ ಕೆಲಸವನ್ನೆಲ್ಲ ಗೋಡೆಗೆ ಹಚ್ಚಿ, ಮೂರು ನಾಲ್ಕು ಜನ ಅಧ್ಯಾಪಕರ ಮುಂದೆ ನಿಂತು ವಿವರಿಸಬೇಕು. ಮೊದಲ ಜ್ಯೂರಿಯಲ್ಲಿ ಅವಳು ಮೈಲಾಂಜಿಯ ಬಳ್ಳಿಯನ್ನೇ ಬಟ್ಟೆಯ ಮೇಲೆ ಅಚ್ಚು ಹಾಕಿದ್ದಳು. "ಚೆನ್ನಾಗಿದೆ. ಆದರೆ ಇದು ಯಾಕೆ ಇಲ್ಲಿದೆ?" ಎಂದು ಒಬ್ಬರು ಕೇಳಿದರಂತೆ. ಅವಳಿಗೆ ಉತ್ತರ ಗೊತ್ತಿರಲಿಲ್ಲ, ಗೊತ್ತಿದ್ದ ಅಷ್ಟಿಷ್ಟನ್ನು ಇಂಗ್ಲಿಷಿನಲ್ಲಿ ಹೇಳಲೂ ಆಗಲಿಲ್ಲ. ಅಂದು ರಾತ್ರಿ ಫೋನಿನಲ್ಲಿ ಅತ್ತಳು. "ನಾನು ವಾಪಸ್ಸು ಬರುತ್ತೇನೆ ಉಮ್ಮಾ" ಎಂದಳು. ನಾನೂ ಹೂಂ ಎನ್ನುವುದರಲ್ಲಿದ್ದೆ. ಅವಳ ಉಪ್ಪ ಮಾತ್ರ ಅಲ್ಲಿಂದಲೇ ಫೋನ್ ಮಾಡಿ, "ಆ ಪ್ರಶ್ನೆಗೆ ಉತ್ತರ ಹುಡುಕಿ ಆಮೇಲೆ ಬಾ" ಎಂದರು.

ಉತ್ತರ ಹುಡುಕಿಕೊಂಡು ಅವಳು ಬಂದದ್ದು ನನ್ನ ಉಮ್ಮನ ಪೆಟ್ಟಿಗೆಗೆ. ಅದರೊಳಗೆ ನನ್ನ ಉಪ್ಪನ ಹಳೆಯ ತಳಂಗರೆ ಟೊಪ್ಪಿ ಇತ್ತು. ಬಿಳಿ ಬಟ್ಟೆಯ ಮೇಲೆ ಕೈಸೂಜಿಯ ಕಸೂತಿ. ಒಂದು ಕಾಲದಲ್ಲಿ ಕಡಲು ದಾಟಿ ಹೋಗುತ್ತಿದ್ದ ಟೊಪ್ಪಿ ಅದು. ಅದನ್ನು ಹೊಲಿಯುತ್ತಿದ್ದವರು ಮನೆಯೊಳಗಿನ ಹೆಂಗಸರು. ಮಗಳು ಗ್ರಾಫ್ ಕಾಗದದಲ್ಲಿ ಆ ಹೊಲಿಗೆಗಳನ್ನು ಒಂದೊಂದಾಗಿ ಎಣಿಸಿ ಬರೆದುಕೊಂಡಳು. ಆಮೇಲೆ ತಳಂಗರೆಗೆ ಹೋಗಿ, ಹಿಂದೆ ಟೊಪ್ಪಿ ಹೊಲಿದಿದ್ದ ವಯಸ್ಸಾದ ಒಬ್ಬರ ಪಕ್ಕ ಮೂರು ದಿನ ಕೂತಳು. ನಾನೂ ಜೊತೆಗಿದ್ದೆ. "ಒಂದು ಟೊಪ್ಪಿಗೆ ನಿಮ್ಮ ಕೈಗೆ ಎಷ್ಟು ಸಿಗುತ್ತಿತ್ತು?" ಎಂದು ಮಗಳು ಕೇಳಿದಳು. ಆ ತಾಯಿ ನಕ್ಕರು. "ಯಾವಾಗ ಮುಗಿಯುತ್ತದೆ ಎಂದು ಎಲ್ಲರೂ ಕೇಳುತ್ತಿದ್ದರು. ಇದನ್ನು ಯಾರೂ ಕೇಳಿರಲಿಲ್ಲ" ಎಂದರು.

ಆ ಮಾತಿನ ಮುಂದೆ ನಾನು ತಲೆ ತಗ್ಗಿಸಿದೆ. ಆ ಟೊಪ್ಪಿಯನ್ನು ನಮ್ಮ ಮನೆಯವರು ತಲೆಯ ಮೇಲಿಟ್ಟು ಮೆರೆದವರೇ, ಹೊಲಿದ ಕೈಯನ್ನು ನಾವು ನೋಡಿರಲೇ ಇಲ್ಲ. ಚಿತ್ರ ಕಲಿಯಲು ಹೋದ ಮಗು ಮನೆಯಿಂದ, ಜಮಾಅತಿನಿಂದ ದೂರ ಹೋಗುತ್ತದೆ ಎಂಬ ಭಯ ನಮಗಿತ್ತು. ಕಾಲೇಜಿನವರ ಪ್ರಶ್ನೆ ಅವಳನ್ನು ಅಜ್ಜಿಯ ಪೆಟ್ಟಿಗೆಗೇ ಕಳಿಸಿತು. ಮುಂದಿನ ಜ್ಯೂರಿಯಲ್ಲಿ ಅವಳು ಅರ್ಧ ಕನ್ನಡದಲ್ಲೇ ಮಾತಾಡಿದಳಂತೆ, ಹುಬ್ಬಳ್ಳಿಯ ಸಹಪಾಠಿಯೊಬ್ಬಳು ಇಂಗ್ಲಿಷಿನಲ್ಲಿ ಹೇಳಿದಳಂತೆ. ಇದರಿಂದ ಟೊಪ್ಪಿ ಹೊಲಿಯುವವರ ಆದಾಯವೇನೂ ಹೆಚ್ಚಾಗಿಲ್ಲ. ಆದರೆ ಆ ಹೊಲಿಗೆ ಈಗ ಕಾಗದದ ಮೇಲೆ ದಾಖಲಾಗಿದೆ, ಇನ್ನೊಬ್ಬರು ಕಲಿಯಬಹುದು.

ನಮ್ಮ ಸಮುದಾಯಕ್ಕೆ ಇಂಥ ಕೆಲಸ ಬೇಕಾದಷ್ಟಿದೆ. ಕಾಸರಗೋಡು ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ನಮ್ಮ ಮದುವೆ ಮನೆಗಳಲ್ಲಿ ಆ ಸೀರೆ ಎಷ್ಟು ಕಾಣುತ್ತದೆ? ಅಲಿಕತ್ತಿನಂಥ ಹಳೆಯ ಆಭರಣಗಳನ್ನು ಕರಗಿಸಿ ಹೊಸ ಮಾದರಿ ಮಾಡಿಸುತ್ತೇವೆ, ಹಳೆಯದರ ಒಂದು ಚಿತ್ರವಾದರೂ ತೆಗೆದಿಡುತ್ತೇವೆಯೇ? ಅಕ್ಷರದ ವಿಷಯಕ್ಕೆ ಬನ್ನಿ. 1843ರಲ್ಲಿ ಮಂಗಳೂರಿನಿಂದ ಮೊದಲ ಕನ್ನಡ ಪತ್ರಿಕೆ ಹೊರಟಿತು ಎಂದು ಶಾಲೆಯಲ್ಲಿ ಓದುತ್ತೇವೆ. ಅಚ್ಚಾಗುವ ಪ್ರತಿ ಅಕ್ಷರಕ್ಕೂ ಒಬ್ಬರು ರೂಪ ಕೊಟ್ಟಿರುತ್ತಾರೆ ಎಂದು ಓದುವುದಿಲ್ಲ. 2020ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಬ್ಯಾರಿಗೆ ಪ್ರತ್ಯೇಕ ಲಿಪಿಯೊಂದನ್ನು ಹೊರತಂದಿತು. ಅದು ಬೇಕೋ ಬೇಡವೋ, ಕನ್ನಡ ಲಿಪಿಯೇ ಸಾಕೋ ಎಂಬ ಚರ್ಚೆ ನಡೆಯಲಿ. ಆದರೆ ಯಾವ ಲಿಪಿಯಾದರೂ ಮಕ್ಕಳ ಪುಸ್ತಕದಲ್ಲಿ, ಮೊಬೈಲಿನ ಪರದೆಯ ಮೇಲೆ ಕಣ್ಣಿಗೆ ನೋವಾಗದಂತೆ ಓದಲು ಬರಬೇಕಾದರೆ ಅಕ್ಷರ ವಿನ್ಯಾಸ ಕಲಿತವರು ಬೇಕು. ಬ್ಯಾರಿ ಮಕ್ಕಳ ಚಿತ್ರಪುಸ್ತಕಗಳಿಗೆ ನಮ್ಮ ಅಂಗಳ, ನಮ್ಮ ಮೀನು ಮಾರುಕಟ್ಟೆ, ನಮ್ಮ ಮದ್ರಸ ಗೊತ್ತಿರುವವರೇ ಚಿತ್ರ ಬರೆಯಬೇಕು. ಅವರನ್ನು ನಾವು ಓದಿಸದೆ ಬೇರೆ ಯಾರು ಓದಿಸುತ್ತಾರೆ?

ಇದು ದೊಡ್ಡ ಊರಿನವರಿಗೆ ಮಾತ್ರ ಎಂದುಕೊಳ್ಳಬೇಡಿ. ಕಾನಾಯಿ ಕುಂಞಿರಾಮನ್ ನಮ್ಮದೇ ಜಿಲ್ಲೆಯ ಚೆರುವತ್ತೂರಿನ ಕಡೆಯವರು, ಮಲಂಪುಳದ ಯಕ್ಷಿಯ ಶಿಲ್ಪಿ. ಕೆ.ಜಿ. ಸುಬ್ರಹ್ಮಣ್ಯನ್ ಹುಟ್ಟಿದ್ದು 1924ರಲ್ಲಿ ಪಕ್ಕದ ಕಣ್ಣೂರಿನ ಕೂತುಪರಂಬದಲ್ಲಿ. ಅರ್ಥಶಾಸ್ತ್ರ ಓದುತ್ತಿದ್ದವರು ಸ್ವಾತಂತ್ರ್ಯ ಚಳವಳಿಗೆ ಇಳಿದು ಜೈಲಿಗೆ ಹೋದರು, ಆಮೇಲೆ ಶಾಂತಿನಿಕೇತನ ಸೇರಿದರು. ಕೈಮಗ್ಗ ಮಂಡಳಿಯಲ್ಲಿ ಕೆಲಸ ಮಾಡಿದರು, ಆಟಿಕೆಗಳನ್ನು ಮಾಡಿದರು, ಬರೋಡಾದಲ್ಲೂ ಶಾಂತಿನಿಕೇತನದಲ್ಲೂ ಎಷ್ಟೋ ಜನರಿಗೆ ಕಲಿಸಿದರು. ಉಡುಪಿಯ ಹತ್ತಿರದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಮುಂಬಯಿಯ ಜೆ.ಜೆ. ಕಲಾಶಾಲೆಗೆ ಹೋದರು, ಪ್ಯಾರಿಸ್ಸಿಗೂ ಹೋದರು. ಇವರೆಲ್ಲ ನಮ್ಮ ಕರಾವಳಿಯ ಮಕ್ಕಳೇ.

ಇನ್ನು ಏನು ಮಾಡಬೇಕು ಎಂದು ಕೇಳುವವರಿಗೆ ಕೆಲವು ಮಾತು. ಹತ್ತಿರದಲ್ಲಿ ನೋಡುವುದಾದರೆ ಲಲಿತಕಲೆಗೆ ಮಂಗಳೂರಿನಲ್ಲಿ ಮಹಾಲಸಾ ಇದೆ, ಮೈಸೂರಿನಲ್ಲಿ ಕಾವಾ ಇದೆ, ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ ಇದೆ. ಕೇರಳದಲ್ಲಿ ತ್ರಿಶ್ಶೂರು, ತ್ರಿಪ್ಪೂಣಿತ್ತುರ, ಮಾವೇಲಿಕ್ಕರ, ತಿರುವನಂತಪುರದಲ್ಲಿ ಸರಕಾರಿ ಕಾಲೇಜುಗಳಿವೆ. ಡಿಸೈನಿಗೆ ಕಣ್ಣೂರಿನಲ್ಲೇ ನಿಫ್ಟ್ ಇದೆ, ಕೊಲ್ಲಂನಲ್ಲಿ ಕೇರಳ ಸರಕಾರದ ಡಿಸೈನ್ ಸಂಸ್ಥೆ ಇದೆ. ಅಹಮದಾಬಾದಿನ ಎನ್.ಐ.ಡಿ. 1961ರಿಂದ ಇದೆ, ಈಗ ಆಂಧ್ರ, ಹರಿಯಾಣ, ಮಧ್ಯಪ್ರದೇಶ, ಅಸ್ಸಾಮಿನಲ್ಲೂ ಎನ್.ಐ.ಡಿ.ಗಳಿವೆ. ಕೆಲವು ಐ.ಐ.ಟಿ.ಗಳಲ್ಲಿ ಡಿಸೈನ್ ಪದವಿಯಿದ್ದು, ಅದಕ್ಕೆ ಯುಸೀಡ್ ಎಂಬ ಪರೀಕ್ಷೆ ಬರೆಯಬೇಕು. ಸೈನ್ಸ್ ಓದಿದವರೇ ಆಗಬೇಕೆಂದಿಲ್ಲ, ಕಾಮರ್ಸ್, ಹ್ಯುಮ್ಯಾನಿಟೀಸ್ ಮಕ್ಕಳೂ ಬರೆಯಬಹುದು.

ಮುಖ್ಯವಾದದ್ದು ಸಮಯ. ಡಿಸೈನಿನ ದೊಡ್ಡ ಪರೀಕ್ಷೆಗಳು ನಡೆಯುವುದು ಚಳಿಗಾಲದಲ್ಲಿ, ಪ್ಲಸ್ ಟು ಪರೀಕ್ಷೆಗೂ ಮೊದಲೇ. ಅರ್ಜಿ ಅದಕ್ಕಿಂತಲೂ ಮುಂಚೆ ಹಾಕಬೇಕು. ಆದ್ದರಿಂದ ಮಾತುಕತೆ ಪ್ಲಸ್ ವನ್‌ನಲ್ಲೇ ಆಗಬೇಕು, ರಿಸಲ್ಟ್ ಬಂದ ಮೇಲೆ ಅಲ್ಲ. ನಾನ್ ಕ್ರೀಮಿ ಲೇಯರ್ ಸರ್ಟಿಫಿಕೇಟಿಗೆ ಅರ್ಹರಾದವರು ಅದನ್ನು ಮೊದಲೇ ಮಾಡಿಸಿಡಿ, ಕೊನೆಯ ದಿನ ವಿಲ್ಲೇಜ್ ಆಫೀಸಿನ ಮೆಟ್ಟಿಲಲ್ಲಿ ಕೂರಬೇಡಿ. ಮಗು ಬಿಡಿಸಿದ್ದನ್ನು ಎಸೆಯಬೇಡಿ, ತಾರೀಕು ಹಾಕಿ ಒಂದು ಫೈಲಿನಲ್ಲಿಡಿ. ದುಬಾರಿ ಕೋಚಿಂಗ್ ಇಲ್ಲದೆಯೂ ಆಗುತ್ತದೆ. ದಿನಕ್ಕೊಂದು ಗಂಟೆ ಕಣ್ಣೆದುರಿನ ವಸ್ತು ನೋಡಿ ಬಿಡಿಸಲಿ, ಹಳೆಯ ಪ್ರಶ್ನೆಪತ್ರಿಕೆಗಳನ್ನು ಮಾಡಲಿ, ಇಂಗ್ಲಿಷ್ ಪತ್ರಿಕೆ ಓದಲಿ.

ಈ ಒಂದು ವರ್ಷದಲ್ಲಿ ಮಗುವಿನ ಮನಸ್ಸೂ ಗೊತ್ತಾಗುತ್ತದೆ. ಚಪ್ಪಾಳೆಗಾಗಿ ಬಿಡಿಸುವವರು ಬೇಸತ್ತು ಬಿಟ್ಟುಬಿಡುತ್ತಾರೆ. ಬಿಡಲಿ, ನಷ್ಟವೇನಿಲ್ಲ. ಬೇಡವೆಂದು ಅವರೇ ತಿಳಿದುಕೊಂಡಿರುತ್ತಾರೆ, ಮುಂದೆ ಯಾರ ಮೇಲೂ ದೂರು ಇರುವುದಿಲ್ಲ. ಒಂದೇ ಹೂಜಿಯನ್ನು ಮೂವತ್ತು ಸಲ ಬಿಡಿಸಿ, ಮೂವತ್ತೊಂದನೆಯ ಸಲವೂ ಕೂರುವ ಮಗು ಇದ್ದರೆ ಅದನ್ನು ತಡೆಯಬೇಡಿ.

ಬಿ.ಕಾಂ.ಗೆ ಸೇರಿದ ಆ ಹುಡುಗಿಯ ಉಮ್ಮನ ಹತ್ತಿರ ಮೊನ್ನೆ ಮತ್ತೆ ಮಾತಾಡಿದೆ. ವಯಸ್ಸಿನ ಮಿತಿ ಇನ್ನೂ ದಾಟಿಲ್ಲ, ಈ ಸಲ ಅರ್ಜಿ ಹಾಕಿಸು ಎಂದೆ. "ಸೀಟು ಸಿಕ್ಕಿದರೆ ಬಿ.ಕಾಂ.ನ ಒಂದು ವರ್ಷ ವೇಸ್ಟಾಗುತ್ತದಲ್ಲ ಅಕ್ಕಾ" ಎಂದಳು. ಒಂದು ವರ್ಷದ ಲೆಕ್ಕ ಅವಳಿಗೆ ಸರಿಯಾಗಿ ಗೊತ್ತು. ಹತ್ತನೆಯ ಕ್ಲಾಸಿನಲ್ಲಿ ಪುಸ್ತಕ ಮಡಚಿಟ್ಟ ನನ್ನಂಥವರ ಲೆಕ್ಕ ಯಾರ ಹತ್ತಿರವೂ ಇಲ್ಲ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅರ್ಜಿಗೆ ಏನೇನು ಕಾಗದ ಬೇಕು, ಬರೆದು ಕಳಿಸಿ" ಎಂದಳು. ಕಳಿಸಿದ್ದೇನೆ. ನಿಮ್ಮ ಮನೆಯಲ್ಲೂ ಅಂಥ ಮಗುವಿದ್ದರೆ ಮೇ ತಿಂಗಳವರೆಗೆ ಕಾಯಬೇಡಿ.